ಕಾಣದ ಕೆಲಸಕ್ಕೊಂದು ಕನ್ನಡಿ

ಮಕ್ಕಳೇ, ಯಕ್ಷಗಾನದ ಚೌಕಿಯೊಳಗೆ ನೀವು ಎಂದಾದರೂ ಇಣುಕಿ ನೋಡಿದ್ದೀರಾ? ಆಟ ಆರಂಭವಾಗುವ ಮೊದಲು ವೇಷಧಾರಿಗಳು ಅಲ್ಲಿ ಸಾಲಾಗಿ ನೆಲದ ಮೇಲೆ ಕುಳಿತಿರುತ್ತಾರೆ. ಒಬ್ಬೊಬ್ಬರ ಎದುರಿಗೂ ಒಂದೊಂದು ಕನ್ನಡಿ. ಹುಬ್ಬಿನ ಗೆರೆ ತುಸು ಓರೆಯಾದರೆ ಕನ್ನಡಿ ಅದನ್ನು ಆಗಲೇ ತೋರಿಸುತ್ತದೆ. ಕೈ ಅದನ್ನು ಆಗಲೇ ತಿದ್ದುತ್ತದೆ. ಹೊಸದಾಗಿ ಮೇಳಕ್ಕೆ ಸೇರಿದ ಬಾಲಕನ ಕೈಯಿಂದ ಕನ್ನಡಿಯನ್ನು ತೆಗೆದುಕೊಂಡರೆ ಅವನಿಗೆ ಹಣೆಗೆ ನಾಮ ಎಳೆಯುವುದೂ ಕಷ್ಟ. ಬಣ್ಣವೂ ಇದೆ, ಕಡ್ಡಿಯೂ ಇದೆ, ಮುಖವೂ ತನ್ನದೇ. ಆದರೆ ತನ್ನ ಮುಖ ತನಗೆ ಕಾಣುವುದಿಲ್ಲವಲ್ಲ!

ಮುಖಕ್ಕಾದರೆ ಕನ್ನಡಿ ಇದೆ. ದೇಹದ ಒಳಗೆ ನಡೆಯುವ ಕೆಲಸಗಳಿಗೆ ಏನು ಮಾಡುವುದು?

ಒಂದು ಸಣ್ಣ ಪರೀಕ್ಷೆ ಮಾಡೋಣ. ನಿಮ್ಮ ಎರಡು ಬೆರಳುಗಳನ್ನು ಕಿವಿಯ ಸ್ವಲ್ಪ ಮುಂದೆ, ದವಡೆಯ ಮೇಲೆ ಇಡಿರಿ. ಈಗ ಹಲ್ಲು ಕಚ್ಚಿರಿ. ಬೆರಳಿನ ಅಡಿಯಲ್ಲಿ ಏನೋ ಉಬ್ಬಿ ಗಟ್ಟಿಯಾಯಿತಲ್ಲವೇ? ಅದು ದವಡೆಯ ಸ್ನಾಯು. ಬಾಯಿ ಸಡಿಲಿಸಿರಿ. ಉಬ್ಬು ಇಳಿಯಿತು. ಬೆರಳು ಇಡದಿದ್ದರೆ ಇದು ನಿಮ್ಮ ಗಮನಕ್ಕೇ ಬರುತ್ತಿರಲಿಲ್ಲ. ಕೆಲವರು ತಮಗೆ ತಿಳಿಯದೆಯೇ ದಿನವಿಡೀ ಹೀಗೆ ಹಣೆ, ಕತ್ತು, ದವಡೆಗಳನ್ನು ಬಿಗಿಹಿಡಿದು ತಲೆನೋವು ತಂದುಕೊಳ್ಳುತ್ತಾರೆ. ಅಂಥವರ ಹಣೆಗೆ ವೈದ್ಯರು ಪುಟ್ಟ ಬಿಲ್ಲೆಗಳನ್ನು ಅಂಟಿಸುತ್ತಾರೆ. ಸ್ನಾಯು ಬಿಗಿಯಾದಾಗ ಅದರಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಬಿಲ್ಲೆಗಳು ಹಿಡಿಯುತ್ತವೆ. ಯಂತ್ರವು ಅದನ್ನು ಶಬ್ದವಾಗಿಯೋ ಪರದೆಯ ಮೇಲಿನ ಗೆರೆಯಾಗಿಯೋ ತೋರಿಸುತ್ತದೆ. ಗೆರೆ ಏರಿದರೆ ಬಿಗಿ, ಇಳಿದರೆ ಸಡಿಲ. ಅದನ್ನು ನೋಡುತ್ತಾ ನೋಡುತ್ತಾ ರೋಗಿಯು ಸಡಿಲಿಸಲು ಕಲಿಯುತ್ತಾನೆ. ಈ ವಿಧಾನಕ್ಕೆ ಬಯೋಫೀಡ್‌ಬ್ಯಾಕ್ ಎಂದು ಹೆಸರು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಲೆನೋವಿನಂತಹ ತೊಂದರೆಗಳಿಗೆ ಇದನ್ನು ಬಳಸುತ್ತಾರೆ. ಮಾತ್ರೆಯಲ್ಲ, ಚುಚ್ಚುಮದ್ದಲ್ಲ. ದೇಹಕ್ಕೆ ಹಿಡಿದ ಕನ್ನಡಿ ಎನ್ನಬಹುದು.

ನಾವು ಇಂದು ತಿಳಿಯಬೇಕಾದುದು ತಲೆನೋವಿನ ವಿಷಯವಲ್ಲ. ಇದೇ ಕನ್ನಡಿಯನ್ನು ಇನ್ನೊಂದು ಕೆಲಸ ಕಲಿಸಲೂ ಬಳಸುತ್ತಾರೆ. ಅದರ ಹೆಸರು ಹೇಳಿದರೆ ನೀವು ಬಾಯಿಗೆ ಕೈ ಅಡ್ಡ ಹಿಡಿದು ನಗುವಿರಿ. ಮಲವಿಸರ್ಜನೆ! ಹೌದು, ಎರಡಕ್ಕೆ ಹೋಗುವುದು. ನಕ್ಕು ಮುಗಿಯಿತೇ? ಹಾಗಾದರೆ ಮುಂದೆ ಓದಿರಿ. ಊಟದ ಬಗ್ಗೆ ನೂರು ಪಾಠಗಳನ್ನು ಬರೆಯುವ ನಾವು ಉಂಡದ್ದು ಹೊರಗೆ ಹೋಗುವ ಬಗ್ಗೆ ಒಂದನ್ನಾದರೂ ಬರೆಯದಿರುವುದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಅದಕ್ಕೆ ಒಂದು ಕಾರಣವೂ ಇದೆ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನನ್ನ ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು. ಮಧ್ಯಾಹ್ನವಾಗುತ್ತಿದ್ದಂತೆ ಅವನ ಬಳಿಯಿಂದ ವಾಸನೆ ಬರುತ್ತಿತ್ತು. ಚಡ್ಡಿಯಲ್ಲಿ ಕಲೆ. ಪಕ್ಕದವರು ಮೂಗು ಮುಚ್ಚಿ ದೂರ ಸರಿಯುತ್ತಿದ್ದರು. ಅವನಿಗೆ ಒಂದು ಅಡ್ಡಹೆಸರೂ ಬಿತ್ತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ದಿನ ನಾನೂ ತಾಳ್ಮೆ ಕಳೆದುಕೊಂಡು, "ಇಷ್ಟು ದೊಡ್ಡವನಾಗಿದ್ದೀ, ಹೇಳಲಿಕ್ಕೆ ಬಾಯಿಲ್ಲವಾ?" ಎಂದು ಎಲ್ಲರ ಎದುರಿಗೇ ಗದರಿದೆ. ಮರುದಿನ ಅವನು ಶಾಲೆಗೆ ಬರಲಿಲ್ಲ. ಎರಡು ವಾರ ಕಳೆದರೂ ಬರಲಿಲ್ಲ. ಮನೆ ಹುಡುಕಿಕೊಂಡು ಹೋದಾಗ ಅವನ ತಾಯಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. "ಮಾಸ್ಟ್ರೇ, ಅವ ಬೇಕೂಂತ ಮಾಡುವುದಲ್ಲ. ಅವನಿಗೆ ಗೊತ್ತೇ ಆಗುವುದಿಲ್ಲ" ಎಂದರು. ನಾನು ನಂಬಲಿಲ್ಲ. ಗೊತ್ತಾಗದೆ ಇರುವುದು ಹೇಗೆ ಸಾಧ್ಯ?

ಸಾಧ್ಯವಿದೆ. ಹೇಗೆಂದು ನೋಡೋಣ.

ನಾವು ತಿಂದ ಅನ್ನ ಜಠರದಿಂದ ಸಣ್ಣ ಕರುಳಿಗೆ ಇಳಿಯುತ್ತದೆ. ದೊಡ್ಡವರಲ್ಲಿ ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ಅನ್ನದ ಸತ್ವವೆಲ್ಲ ಅಲ್ಲಿ ರಕ್ತಕ್ಕೆ ಸೇರುತ್ತದೆ. ಉಳಿದದ್ದು ನೀರುನೀರಾಗಿ ದೊಡ್ಡ ಕರುಳಿಗೆ ಬರುತ್ತದೆ. ಇದರ ಉದ್ದ ಸುಮಾರು ಒಂದೂವರೆ ಮೀಟರ್. ದೊಡ್ಡ ಕರುಳು ಅದರಲ್ಲಿರುವ ನೀರನ್ನು ಹೀರಿಕೊಳ್ಳುತ್ತಾ ಹೋದಂತೆ ಮಲವು ಗಟ್ಟಿಯಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ. ಕೊನೆಯಲ್ಲಿ ಗುದನಾಳವೆಂಬ ಚೀಲದಂತಹ ಭಾಗ. ಅದರ ಬಾಯಿಯೇ ಗುದದ್ವಾರ.

ಈ ದ್ವಾರಕ್ಕೆ ಒಂದಲ್ಲ, ಎರಡು ಕಾವಲು. ಎರಡೂ ಬಳೆಯ ಆಕಾರದ ಸ್ನಾಯುಗಳು. ಒಂದನ್ನು ಒಳಬಳೆ, ಇನ್ನೊಂದನ್ನು ಹೊರಬಳೆ ಎಂದು ಕರೆಯೋಣ. ಒಳಬಳೆ ನಮ್ಮ ಮಾತು ಕೇಳುವುದಿಲ್ಲ. ಹೃದಯದ ಹಾಗೆ ಹಗಲೂ ರಾತ್ರಿಯೂ ತನ್ನಷ್ಟಕ್ಕೆ ಬಿಗಿಹಿಡಿದುಕೊಂಡೇ ಇರುತ್ತದೆ. ನಿದ್ರೆಯಲ್ಲಿ ನಮ್ಮ ಮಾನ ಕಾಯುವುದು ಮುಖ್ಯವಾಗಿ ಅದೇ. ಹೊರಬಳೆ ಮಾತ್ರ ಕೈ ಕಾಲುಗಳ ಹಾಗೆ ನಾವು ಹೇಳಿದಂತೆ ಕೇಳುತ್ತದೆ.

ಗುದನಾಳಕ್ಕೆ ಮಲ ಬಂದು ತುಂಬಿದಾಗ ಅದರ ಗೋಡೆ ಹಿಗ್ಗುತ್ತದೆ. ಗೋಡೆಯ ನರಗಳು ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ಸುದ್ದಿ ಕಳಿಸುತ್ತವೆ. ಆಗ ಒಳಬಳೆ ತಾನಾಗಿಯೇ ಒಂದಿಷ್ಟು ಸಡಿಲವಾಗುತ್ತದೆ. ಬಂದದ್ದೇನು ಎಂದು ಬಾಗಿಲನ್ನು ಓರೆಮಾಡಿ ನೋಡಿದ ಹಾಗೆ! ಅಲ್ಲಿನ ಚರ್ಮ ಎಷ್ಟು ಸೂಕ್ಷ್ಮವೆಂದರೆ ಬಂದದ್ದು ಗಾಳಿಯೋ ನೀರೋ ಗಟ್ಟಿಯೋ ಎಂಬುದನ್ನು ಅದು ಗುರುತಿಸಬಲ್ಲದು. ದಿನದಲ್ಲಿ ಹಲವು ಬಾರಿ ಈ ಪರೀಕ್ಷೆ ನಡೆಯುತ್ತದೆ. ನಮಗೆ ಅದರ ಅರಿವೇ ಇರುವುದಿಲ್ಲ. ಗಾಳಿಯಾದರೆ ಬಿಡಬಹುದು (ತರಗತಿಯಲ್ಲಿ ಅದೂ ಕಷ್ಟವೇ). ಮಲವಾದರೆ ಮೆದುಳು ಹೊರಬಳೆಗೆ, "ಹಿಡಿದುಕೋ, ಕಕ್ಕಸು ಸಿಗುವ ತನಕ" ಎಂದು ಆಜ್ಞೆ ಮಾಡುತ್ತದೆ. ಹುಟ್ಟಿದ ಮಗುವಿಗೆ ಈ ಆಜ್ಞೆ ಮಾಡಲು ಬರುವುದಿಲ್ಲ. ಎರಡು ಮೂರು ವರ್ಷವಾಗುವಾಗ ಅದು ಕಲಿಯುತ್ತದೆ. ನಡೆಯುವುದನ್ನೂ ಮಾತನಾಡುವುದನ್ನೂ ಕಲಿತ ಹಾಗೆ ನಾವೆಲ್ಲರೂ ಕಲಿತ ವಿದ್ಯೆ ಇದು. ಕಲಿತದ್ದು ಕೆಲವೊಮ್ಮೆ ತಪ್ಪಿಹೋಗಬಹುದು. ಮತ್ತೆ ಕಲಿಯಲೂಬಹುದು.

ಒಂದು ಬಲೂನು ತನ್ನಿರಿ. ಅದಕ್ಕೆ ಅರ್ಧದಷ್ಟು ನೀರು ತುಂಬಿಸಿ ಬಾಯಿಯನ್ನು ಎರಡು ಬೆರಳುಗಳಿಂದ ಹಿಡಿಯಿರಿ. ಬಲೂನು ಗುದನಾಳ, ಬೆರಳುಗಳೇ ಹೊರಬಳೆ. ಇನ್ನೊಂದು ಕೈಯಿಂದ ಬಲೂನನ್ನು ಮೆಲ್ಲಗೆ ಒತ್ತಿರಿ. ಬೆರಳು ಬಿಗಿಯಾಗಿದ್ದರೆ ನೀರು ನಿಲ್ಲುತ್ತದೆ. ಬೆರಳು ಸೋತರೆ ಸೋರುತ್ತದೆ. ಒತ್ತುತ್ತಾ ಬೆರಳನ್ನು ಸಡಿಲಿಸಿದರೆ ನೀರು ಸರಾಗವಾಗಿ ಹೊರಗೆ ಬರುತ್ತದೆ. ಈಗ ಒತ್ತುವುದನ್ನೂ ಬಿಗಿಹಿಡಿಯುವುದನ್ನೂ ಒಟ್ಟಿಗೇ ಮಾಡಿ ನೋಡಿರಿ. ಎಷ್ಟು ಒತ್ತಿದರೂ ನೀರು ಬರುವುದಿಲ್ಲ, ಬಲೂನು ಮಾತ್ರ ಉಬ್ಬುತ್ತದೆ. ಕೆಲವರ ದೇಹವು ಹೀಗೆ ತಪ್ಪು ಕ್ರಮವನ್ನು ಕಲಿತುಕೊಂಡಿರುತ್ತದೆ. ಮುಕ್ಕುವಾಗಲೇ ಹೊರಬಳೆಯನ್ನೂ ಬಿಗಿಯುತ್ತಾರೆ. ತಾವು ಹಾಗೆ ಮಾಡುತ್ತಿದ್ದೇವೆಂದು ಅವರಿಗೆ ತಿಳಿಯದು.

ಈಗ ನನ್ನ ತರಗತಿಯ ಹುಡುಗನ ವಿಷಯಕ್ಕೆ ಬರೋಣ. ಮಂಗಳೂರಿನ ವೈದ್ಯರೊಬ್ಬರು ಅವನ ಹೊಟ್ಟೆಯನ್ನು ಮುಟ್ಟಿ ನೋಡಿ ಹೇಳಿದರಂತೆ: "ಇವನಿಗೆ ಇರುವುದು ಮಲಬದ್ಧತೆ." ತಾಯಿಗೆ ಆಶ್ಚರ್ಯ. ಸೋರುವವನಿಗೆ ಮಲಬದ್ಧತೆಯೇ?

ನಡೆದದ್ದು ಹೀಗೆ. ಅವನ ಶಾಲೆಯಲ್ಲಿ, ಎಂದರೆ ನಾನು ಕಲಿಸುತ್ತಿದ್ದ ಶಾಲೆಯಲ್ಲಿ, ಕಕ್ಕಸಿನ ಬಾಗಿಲಿಗೆ ಚಿಲಕವಿರಲಿಲ್ಲ. ಬೇಸಿಗೆಯಲ್ಲಿ ನೀರೂ ಇರುತ್ತಿರಲಿಲ್ಲ. ಹುಡುಗ ನಾಚಿಕೆಯಿಂದ ತಡೆದು ಹಿಡಿದ. ತಡೆದು ಹಿಡಿದರೆ ಕೆಲವು ನಿಮಿಷಗಳಲ್ಲಿ ಅವಸರ ತಾನಾಗಿ ಅಡಗುತ್ತದೆ. ಅದು ನಿಮಗೂ ಗೊತ್ತಿರಬಹುದು. ಆದರೆ ಮಲ ಒಳಗೇ ಉಳಿಯಿತು. ದೊಡ್ಡ ಕರುಳು ನೀರು ಹೀರುತ್ತದೆ ಎಂದು ಹೇಳಿದೆನಲ್ಲ, ಅದು ಹೀರುತ್ತಲೇ ಇತ್ತು. ಮಲ ಕಲ್ಲಿನಂತಾಯಿತು. ಹೊರಗೆ ಬರುವಾಗ ನೋವಾಯಿತು. ನೋವಿನ ಹೆದರಿಕೆಯಿಂದ ಮನೆಯಲ್ಲಿಯೂ ತಡೆದ. ಹೀಗೆ ತಿಂಗಳುಗಟ್ಟಲೆ ತುಂಬಿ ತುಂಬಿ ಗುದನಾಳ ಹಿಗ್ಗಿ ಜೋತುಬಿತ್ತು. ನಿಮ್ಮ ಬಲೂನನ್ನು ನಾಲ್ಕು ದಿನ ತುಂಬಿಸಿಯೇ ಇಟ್ಟರೆ ಅದು ಮೊದಲಿನ ಗಾತ್ರಕ್ಕೆ ಮರಳುವುದಿಲ್ಲ, ನೋಡಿರಿ. ಸದಾ ಹಿಗ್ಗಿಯೇ ಇರುವ ಗೋಡೆ ಮೆದುಳಿಗೆ ಸುದ್ದಿ ಕಳಿಸುವುದನ್ನೂ ಮರೆಯುತ್ತದೆ. ಆಗ ಮೇಲಿನಿಂದ ಬಂದ ತೆಳ್ಳಗಿನ ಮಲವು ಗಟ್ಟಿ ಮಲದ ಬದಿಯಿಂದ ಜಾರಿ ಹೊರಗೆ ಸೋರುತ್ತದೆ. ಹುಡುಗನಿಗೆ ಅದು ತಿಳಿಯುವುದೇ ಇಲ್ಲ. ಆ ವಾಸನೆಯಲ್ಲೇ ಇದ್ದು ಇದ್ದು ಮೂಗಿಗೂ ಅದು ಅಭ್ಯಾಸವಾಗಿರುತ್ತದೆ. ತಾಯಿ ಹೇಳಿದ್ದು ನಿಜ. ನಾನು ಗದರಿದ್ದು ತಪ್ಪು.

ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಕಾಣುವ ಈ ತೊಂದರೆಗೆ ಎನ್ಕೊಪ್ರೆಸಿಸ್ ಎಂಬ ಹೆಸರಿದೆ. ಇದು ಸೋಮಾರಿತನವಲ್ಲ, ಹಟವೂ ಅಲ್ಲ. ಮೊದಲು ವೈದ್ಯರು ಔಷಧ ಕೊಟ್ಟು ಒಳಗೆ ಕಟ್ಟಿಕೊಂಡದ್ದನ್ನೆಲ್ಲ ಹೊರಗೆ ಹಾಕಿಸುತ್ತಾರೆ. ಬಳಿಕ ಮಲವನ್ನು ಮೆತ್ತಗೆ ಇಡುವ ಔಷಧವನ್ನು ಹಲವು ತಿಂಗಳು ಕೊಡುತ್ತಾರೆ, ಯಾಕೆಂದರೆ ಹಿಗ್ಗಿದ ಗುದನಾಳ ಮೊದಲಿನಂತಾಗಲು ಅಷ್ಟು ಕಾಲ ಬೇಕು. ಎರಡೇ ವಾರದಲ್ಲಿ ವಾಸಿಯಾಯಿತೆಂದು ಔಷಧ ನಿಲ್ಲಿಸಿದವರು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಔಷಧದ ಜೊತೆಗೆ ಒಂದು ಅಭ್ಯಾಸವೂ ಬೇಕು. ಊಟ ಮಾಡಿದೊಡನೆ ಜಠರ ತುಂಬುತ್ತದೆ, ಆಗ ದೊಡ್ಡ ಕರುಳೂ ಎಚ್ಚತ್ತು ಚಲಿಸತೊಡಗುತ್ತದೆ. ಆ ಹೊತ್ತನ್ನು ಬಿಡಬಾರದು. ಬೆಳಿಗ್ಗೆ ಗಂಜಿಯೋ ದೋಸೆಯೋ ತಿಂದ ಮೇಲೆ, ರಾತ್ರಿ ಊಟದ ಮೇಲೆ, ಐದು ಹತ್ತು ನಿಮಿಷ ಅವಸರವಿಲ್ಲದೆ ಕುಳಿತುಕೊಳ್ಳಬೇಕು. ನಮ್ಮ ಕಡೆಯ ಕುಕ್ಕರುಗಾಲಿನ ಕಕ್ಕಸು ಇದಕ್ಕೆ ಬಲು ಒಳ್ಳೆಯದು. ಕುಕ್ಕರುಗಾಲಿನಲ್ಲಿ ಕುಳಿತಾಗ ಗುದನಾಳದ ಬಾಗು ನೆಟ್ಟಗಾಗಿ ದಾರಿ ಸುಲಭವಾಗುತ್ತದೆ. ಕುರ್ಚಿಯಂತಹ ಕಮೋಡಿನಲ್ಲಿ ಕುಳಿತ ಚಿಕ್ಕ ಮಕ್ಕಳ ಕಾಲು ಗಾಳಿಯಲ್ಲಿ ನೇತಾಡುತ್ತದೆ. ಪಾದದಡಿಗೆ ಒಂದು ಮಣೆ ಇಟ್ಟರೆ ಸರಿಹೋಗುತ್ತದೆ.

ಊಟದ ವಿಷಯ ನಿಮ್ಮ ಅಜ್ಜಿಗೇ ನನಗಿಂತ ಚೆನ್ನಾಗಿ ಗೊತ್ತು. ಬಸಳೆ, ಹರಿವೆ, ಬಾಳೆದಿಂಡಿನ ಪಲ್ಯ, ಪಪ್ಪಾಯಿ, ಹೆಸರು. ನಾರು ಇರುವ ಇವೆಲ್ಲ ಮಲವನ್ನು ಮೆತ್ತಗಿಡುತ್ತವೆ. ಅಂಗಡಿಯ ಪೊಟ್ಟಣದ ತಿಂಡಿಗೂ ಮೈದಾದ ಪರೋಟಕ್ಕೂ ಆ ಗುಣವಿಲ್ಲ. ನೀರೂ ಬೇಕು. ಶಾಲೆಯಲ್ಲಿ ಮಕ್ಕಳು ನೀರನ್ನೇ ಕುಡಿಯುವುದಿಲ್ಲವೆಂದು ಕಂಡು 2019ರಲ್ಲಿ ಕೇರಳದ ಕೆಲವು ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸಲು ಆರಂಭಿಸಿದರು. ಅದೇ ವರ್ಷ ಕರ್ನಾಟಕದ ಶಾಲೆಗಳಿಗೂ ಈ ಕ್ರಮ ಹೋಯಿತು. ಮಕ್ಕಳು ನೀರು ಕುಡಿಯದಿರಲು ಕಾರಣ ಮರೆವು ಮಾತ್ರವಲ್ಲ. ಕುಡಿದರೆ ಕಕ್ಕಸಿಗೆ ಹೋಗಬೇಕಾಗುತ್ತದೆ ಎಂಬ ಹೆದರಿಕೆ! ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಹೆಚ್ಚು.

ಇನ್ನು ಕನ್ನಡಿಯ ವಿಷಯ. 1974ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಬರ್ನಾರ್ಡ್ ಎಂಗೆಲ್, ಪರ್ವೀಜ್ ನಿಕೂಮನೇಶ್, ಮಾರ್ವಿನ್ ಶುಸ್ಟರ್ ಎಂಬ ಮೂವರು ಒಂದು ಹೊಸ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಮಲವನ್ನು ತಡೆಯಲಾಗದೆ ಕಷ್ಟಪಡುತ್ತಿದ್ದ ಕೆಲವೇ ಮಂದಿ ರೋಗಿಗಳು ಅದರಲ್ಲಿದ್ದರು. ಪುಟ್ಟ ಬಲೂನುಗಳಿದ್ದ ಒಂದು ಸಾಧನವನ್ನು ಅವರ ಗುದದ್ವಾರದಲ್ಲಿ ಇರಿಸಿದರು. ಬಳೆಗಳು ಎಷ್ಟು ಬಿಗಿಯುತ್ತವೆ ಎಂಬುದು ಗೆರೆಯಾಗಿ ಮೂಡುತ್ತಿತ್ತು. ರೋಗಿಗಳು ಆ ಗೆರೆಯನ್ನು ನೋಡುತ್ತಾ ಹೊರಬಳೆಯನ್ನು ಸರಿಯಾದ ಹೊತ್ತಿಗೆ ಬಿಗಿಯಲು ಕಲಿತರು. ಕಲಿತ ಮೇಲೆ ಗೆರೆಯ ಸಹಾಯವಿಲ್ಲದೆಯೂ ಅವರಿಗೆ ಅದು ಸಾಧ್ಯವಾಯಿತು. ಚೌಕಿಯ ಹಳೆಯ ವೇಷಧಾರಿಯ ಕೈ ಕನ್ನಡಿಗಿಂತ ಮೊದಲೇ ಹುಬ್ಬಿನ ಹಾದಿ ಹಿಡಿಯುವ ಹಾಗೆ!

ಇಂದು ಈ ಚಿಕಿತ್ಸೆಯನ್ನು ಹೀಗೆ ಮಾಡುತ್ತಾರೆ. ಒಬ್ಬ ತಾಯಿ ಇದ್ದಾರೆಂದುಕೊಳ್ಳಿರಿ. ಹೆರಿಗೆಯ ಹೊತ್ತಿನಲ್ಲಿ ಆದ ಗಾಯದಿಂದ ಅವರ ಹೊರಬಳೆ ದುರ್ಬಲವಾಗಿದೆ. ಬಸ್ಸಿನಲ್ಲಿ ಹೋಗಲು, ಮದುವೆಗೆ ಹೋಗಲು ಅಂಜಿಕೆ. ವೈದ್ಯರು ಪೆನ್ಸಿಲಿಗಿಂತ ತೆಳ್ಳಗಿನ ಮೆತ್ತನೆಯ ನಳಿಗೆಯನ್ನು ಒಳಗೆ ಇಡುತ್ತಾರೆ. ಅದರ ತುದಿಯಲ್ಲಿ ಪುಟ್ಟ ಬಲೂನು. ಅದಕ್ಕೆ ತುಸುತುಸುವೇ ಗಾಳಿ ತುಂಬಿಸುತ್ತಾ, "ಈಗ ಗೊತ್ತಾಗುತ್ತದಾ?" ಎಂದು ಕೇಳುತ್ತಾರೆ. ಗೊತ್ತಾದ ಕೂಡಲೇ ಬಿಗಿಯಬೇಕು. ಎದುರಿನ ಪರದೆಯಲ್ಲಿ ಗೆರೆ ಮೇಲೇರುತ್ತದೆ. ಹೊಟ್ಟೆಯನ್ನು ಬಿಗಿದರೆ ಅದು ಬೇರೆ ಗೆರೆ, ಅದು ಏರಬಾರದು. ಮಲಬದ್ಧತೆ ಇರುವವರಿಗೆ ಇದರ ತಲೆಕೆಳಗಿನ ಪಾಠ: ಹೊಟ್ಟೆಯ ಗೆರೆ ಏರಬೇಕು, ಹೊರಬಳೆಯ ಗೆರೆ ಇಳಿಯಬೇಕು. ಸಾಮಾನ್ಯವಾಗಿ ಒಂದೆರಡು ವಾರಗಳಿಗೊಮ್ಮೆ ಹೋಗಿ ನಾಲ್ಕಾರು ಪಾಠಗಳಲ್ಲಿ ಕಲಿಯುತ್ತಾರೆ. ಮನೆಯಲ್ಲಿ ನಿತ್ಯ ಅಭ್ಯಾಸ ಮಾಡಬೇಕು. ಹೋಂವರ್ಕ್ ಮಾಡದವರಿಗೆ ಇಲ್ಲಿಯೂ ಅಂಕ ಕಡಿಮೆಯೇ! ಮಕ್ಕಳಿಗೆ ಕೆಲವೆಡೆ ನಳಿಗೆಯ ಬದಲು ಚರ್ಮಕ್ಕೆ ಅಂಟಿಸುವ ಬಿಲ್ಲೆಗಳನ್ನು ಬಳಸುತ್ತಾರೆ, ಗೆರೆಯ ಬದಲು ಆಟದ ಚಿತ್ರ ತೋರಿಸುತ್ತಾರೆ. ಇಂತಹ ಪರೀಕ್ಷೆಯ ಹೊತ್ತಿನಲ್ಲಿ ತಂದೆಯೋ ತಾಯಿಯೋ ಜೊತೆಯಲ್ಲಿರಬೇಕು, ವೈದ್ಯರು ನಿಮಗೆ ವಿವರಿಸಿ, ನಿಮ್ಮನ್ನು ಕೇಳಿಯೇ ಮುಟ್ಟಬೇಕು. ಇದನ್ನು ಮರೆಯಬೇಡಿರಿ.

ಈ ಚಿಕಿತ್ಸೆ ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಲಕ್ನೋದ ಸಂಜಯ ಗಾಂಧಿ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ವೆಲ್ಲೂರಿಗೆ ಹೋಗುವವರು ಕಾಸರಗೋಡಿನಲ್ಲಿ ಚೆನ್ನೈ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿಯುತ್ತಾರೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ನನ್ನ ತರಗತಿಯ ಹುಡುಗನಂತಹ ಹೆಚ್ಚಿನ ಮಕ್ಕಳಿಗೆ ಈ ಯಂತ್ರ ಬೇಕಾಗುವುದಿಲ್ಲ. ಔಷಧ, ಊಟ, ಕುಳಿತುಕೊಳ್ಳುವ ಅಭ್ಯಾಸ ಇಷ್ಟರಿಂದಲೇ ಅವರು ಗುಣವಾಗುತ್ತಾರೆ. ಯಂತ್ರವನ್ನು ಸೇರಿಸಿದರೂ ಅವರಿಗೆ ಹೆಚ್ಚಿನ ಲಾಭ ಕಾಣಲಿಲ್ಲವೆಂದು ಪರೀಕ್ಷಿಸಿ ನೋಡಿದವರು ಹೇಳಿದ್ದಾರೆ. ದೊಡ್ಡ ಯಂತ್ರ ಎಂದ ಕೂಡಲೇ ಅದೇ ದೊಡ್ಡ ಮದ್ದು ಎಂದುಕೊಳ್ಳಬಾರದು.

ಕಲಿಯಲಾಗದವರೂ ಇದ್ದಾರೆ. ಗೆರೆ ನೋಡಿ ಅರ್ಥಮಾಡಿಕೊಳ್ಳುವ ಶಕ್ತಿ ಬೇಕು. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರ ಸ್ವಲ್ಪವಾದರೂ ಉಳಿದಿರಬೇಕು. ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದ ವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸಿದ ಕತೆಯನ್ನು ನೀವು ಕೇಳಿರುವಿರಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕದಂತಹ ಪಂಚಾಯತುಗಳಲ್ಲಿ ಅದರಿಂದ ನೊಂದ ಮನೆಗಳಿವೆ. ಏಳಲಾಗದ, ಮಾತನಾಡಲಾಗದ ಮಗನನ್ನೋ ಮಗಳನ್ನೋ ತಾಯಿ ದಿನಕ್ಕೆ ಹಲವು ಬಾರಿ ತೊಳೆದು ಒರೆಸಿ ಬಟ್ಟೆ ಬದಲಿಸುವ ಮನೆಗಳು ಅವು. ಮಗ ಇಪ್ಪತ್ತು ಮೂವತ್ತು ವರ್ಷದವನಾದರೂ ಆ ಕೆಲಸ ನಿಲ್ಲುವುದಿಲ್ಲ, ತಾಯಿಗೆ ವಯಸ್ಸಾಗುತ್ತಾ ಹೋಗುತ್ತದೆ. ಬಡ್ಸ್ ಶಾಲೆಗಳ ಆಯಾಗಳೂ ಟೀಚರುಗಳೂ ಹಗಲು ಹೊತ್ತು ಇದೇ ಕೆಲಸವನ್ನು ಮಾಡುತ್ತಾರೆ. ಅಲ್ಲಿ ಯಾರೂ ಮೂಗು ಮುಚ್ಚುವುದನ್ನು ನಾನು ನೋಡಲಿಲ್ಲ.

ಶಾಲೆಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಶಾಲೆಗಳಲ್ಲಿ ಆರು ತಿಂಗಳೊಳಗೆ ಶೌಚಾಲಯ, ಕುಡಿಯುವ ನೀರು ಒದಗಿಸಲು ಆಜ್ಞೆ ಮಾಡಿತು. ಕಟ್ಟಡವೇನೋ ಬಂದಿದೆ. ನಿಮ್ಮ ಶಾಲೆಯ ಕಕ್ಕಸಿನ ಬಾಗಿಲಿಗೆ ಚಿಲಕ ಇದೆಯೇ, ಬಾಲ್ದಿಯಲ್ಲಿ ನೀರು ಇದೆಯೇ, ಸಾಬೂನು ಇದೆಯೇ ಎಂದು ನೋಡಿರಿ. ಇಲ್ಲದಿದ್ದರೆ ಶಾಲಾ ಪಾರ್ಲಿಮೆಂಟಿನಲ್ಲಿ ಹೇಳಿರಿ. ನಿಮಗೋ ನಿಮ್ಮ ಗೆಳೆಯನಿಗೋ ಈ ತೊಂದರೆ ಇದ್ದರೆ ಮನೆಯಲ್ಲಿ ಒಬ್ಬರಿಗೆ, ಶಾಲೆಯಲ್ಲಿ ಒಬ್ಬರಿಗೆ ಮೆಲ್ಲಗೆ ತಿಳಿಸಿರಿ. ಚೀಲದಲ್ಲಿ ಒಂದು ಜೊತೆ ಬಟ್ಟೆ ಇರಲಿ.

ಆ ಹುಡುಗ ತಿರುಗಿ ಬಂದನೇ ಎಂದು ನೀವು ಕೇಳುವಿರಿ. ಬಂದನು. ಅವನ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ಅವನು ಕುಳಿತು ಬಂದ ದಿನಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿಸುತ್ತಿದ್ದರು. ಗೀಟು ಹಾಕುತ್ತಿದ್ದವನು ಅವನೇ. ಮೊದಲ ತಿಂಗಳಲ್ಲಿ ಅಲ್ಲಲ್ಲಿ ಖಾಲಿ, ನಾಲ್ಕನೆಯ ತಿಂಗಳಲ್ಲಿ ಸಾಲು ತುಂಬಿತ್ತು. ಅದೂ ಒಂದು ಕನ್ನಡಿಯೇ, ವಿದ್ಯುತ್ತು ಬೇಡದ ಕನ್ನಡಿ. ಶಾಲೆಯಲ್ಲಿ ನಾನು ಚಿಲಕ ಹಾಕಿಸಿದೆ. ಬಾಗಿಲ ಬಳಿಯ ಬೆಂಚನ್ನು ಅವನಿಗೆ ಕೊಟ್ಟೆ. ಅವನೊಬ್ಬನಿಗೇ ವಿನಾಯಿತಿ ಕೊಟ್ಟರೆ ಮತ್ತೆ ಎಲ್ಲರೂ ಅವನನ್ನೇ ನೋಡುತ್ತಾರೆಂದು, ಹೊರಗೆ ಹೋಗಲು ಯಾರೂ ಕೈಯೆತ್ತಿ ಕೇಳಬೇಕಾಗಿಲ್ಲವೆಂದು ಇಡೀ ತರಗತಿಗೆ ಹೇಳಿದೆ. ಮೊದಲ ವಾರ ಅರ್ಧ ತರಗತಿಯೇ ಸುಮ್ಮಸುಮ್ಮನೆ ಹೊರಗೆ ಹೋಗಿ ನೆಲ್ಲಿಮರದ ಅಡಿಯಲ್ಲಿ ನಿಂತು ಬರುತ್ತಿತ್ತು. ಎರಡನೆಯ ವಾರ ಅದು ತಾನಾಗಿ ನಿಂತಿತು.